ಮನೆಯ ಮೇಜಿನ ಮೇಲೆ ವಿಮಾನದ ತಾಲೀಮು

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಪೈಲಟ್ ಅಲ್ಲ. ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಆದರೂ ಈ ವಿಷಯದ ಬಗ್ಗೆ ನಾನೇ ಮಾತನಾಡಬೇಕೆಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದಕ್ಕೆ ಒಂದು ಕಾರಣವಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. 615 ಎಕರೆಯ ಕಾರ್ಖಾನೆ. ಅಲ್ಲಿಂದೀಚೆಗೆ ನಮ್ಮ ಮಕ್ಕಳ ಕಣ್ಣು ಆಕಾಶದ ಮೇಲೆ ಬಿದ್ದಿದೆ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗೆ ಯಾರಾದರೂ ಒಬ್ಬರು ತಂದೆ ಬಂದೇ ಬರುತ್ತಾರೆ. "ಸಾರ್, ಹುಡುಗ ಪೈಲಟ್ ಆಗ್ತೀನಿ ಅಂತಾನೆ. ಕಂಪ್ಯೂಟರ್ ಮುಂದೆ ಕೂತು ದಿನಾ ವಿಮಾನ ಓಡಿಸ್ತಾನೆ, ಚೆನ್ನಾಗೇ ಇಳಿಸ್ತಾನೆ. ತೋಟ ಮಾರಿಬಿಡಲಾ?" ಎಂದು ಕೇಳುತ್ತಾರೆ.

ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿಯೇ ಇವತ್ತಿನ ಮಾತು. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದರಿಂದ ನಿಜವಾದ ಪೈಲಟ್ ತರಬೇತಿಗೆ ಏನು ಉಪಯೋಗ? ಎಷ್ಟು ಉಪಯೋಗ? ಎಲ್ಲಿ ಅದು ಮೋಸ ಮಾಡುತ್ತದೆ?

ನಮ್ಮ ಉರ್ದುವಿನಲ್ಲಿ 'ತಾಲೀಮ್' ಎಂದರೆ ವಿದ್ಯೆ. ಅದೇ ಶಬ್ದ ಕನ್ನಡಕ್ಕೆ ಬಂದು 'ತಾಲೀಮು' ಆಯಿತು, ಅರ್ಥ ಸ್ವಲ್ಪ ಬದಲಾಯಿತು. ಗರಡಿಯವರು ಮಾಡುವ ಸಾಧನೆ ತಾಲೀಮು, ನಾಟಕದವರು ಪ್ರದರ್ಶನಕ್ಕೆ ಮೊದಲು ಮಾಡುವ ಅಭ್ಯಾಸ ತಾಲೀಮು. ಗುಬ್ಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಯ ಊರು ಅದು. ಮನೆಯ ಸಿಮ್ಯುಲೇಟರ್ ಈ ಎರಡನೆಯ ಅರ್ಥದ ತಾಲೀಮು. ತಾಲೀಮಿನಲ್ಲಿ ಮಾತು ತಪ್ಪಿದರೆ ಟಿಕೆಟ್ ಕೊಂಡವರು ಎದ್ದು ಹೋಗುವುದಿಲ್ಲ. ಆದರೆ ತಾಲೀಮು ಮಾಡಿದವನೆಲ್ಲ ನಟನೂ ಆಗುವುದಿಲ್ಲ.

ವಿಮಾನದ ತಾಲೀಮು ಹೊಸದೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬವರ ತಂದೆಗೆ ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ ಇತ್ತು. ವಿಮಾನ ಕಲಿಯುವ ಖರ್ಚು ವಿಪರೀತವೆಂದು ಕಂಡ ಲಿಂಕ್, ಆರ್ಗನ್ನಿನ ತಿದಿಗಳನ್ನೇ ಬಳಸಿ, ಓಲಾಡುವ ಒಂದು ಸಣ್ಣ ಪೆಟ್ಟಿಗೆಯನ್ನು 1929ರ ಹೊತ್ತಿಗೆ ತಯಾರಿಸಿದರು. ಮೊದಮೊದಲು ಕೊಂಡವರು ಜಾತ್ರೆ, ಮನರಂಜನಾ ಪಾರ್ಕಿನವರು! 1934ರಲ್ಲಿ ಅಂಚೆ ಸಾಗಿಸುವ ಹೊಣೆ ಅಮೆರಿಕದ ಸೈನ್ಯದ ವಿಮಾನಗಳಿಗೆ ಬಂತು. ಮೋಡ, ಮಂಜಿನಲ್ಲಿ ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಆಗ ಸೈನ್ಯ ಲಿಂಕ್ ಅವರ ಪೆಟ್ಟಿಗೆಗಳನ್ನು ಕೊಂಡಿತು. ಅಂದರೆ ಸಿಮ್ಯುಲೇಟರ್ ಹುಟ್ಟಿದ್ದು ಬಡವನ ಖರ್ಚು ಉಳಿಸಲು, ಬೆಳೆದದ್ದು ಜೀವ ಉಳಿಸಲು.

ಮನೆಯ ಕಂಪ್ಯೂಟರಿಗೆ ಅದು ಬಂದದ್ದು 1979ರಲ್ಲಿ, ಬ್ರೂಸ್ ಆರ್ಟ್ವಿಕ್ ಎಂಬವರಿಂದ. 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ ಹೊರಬಂತು. ಈಗ ಮೈಕ್ರೋಸಾಫ್ಟ್‌ನದು ಇದೆ, ಎಕ್ಸ್-ಪ್ಲೇನ್ ಇದೆ. ಹಣ ಕೊಡಲಾಗದವರಿಗೆ ಫ್ಲೈಟ್‌ಗೇರ್ ಎಂಬುದು ಪೂರ್ತಿ ಉಚಿತ, ಮನೆಯಲ್ಲಿರುವ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ.

ಇನ್ನು ನಮ್ಮ ಮನೆಯ ಕತೆ. ನನ್ನ ತಂಗಿಯ ಮಗ ಗುಬ್ಬಿಯಲ್ಲಿ ಬೆಳೆದವನು. 2005ರಲ್ಲಿ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸಿಡಿ ತಂದು ಹಾಕಿಕೊಂಡ. ಬೇಸಿಗೆ ರಜೆಯೆಲ್ಲ ಜಂಬೋ ಜೆಟ್ಟು. ಮುಂಬೈಯಿಂದ ದುಬೈಗೆ ಹೊರಡುವುದು, ಮೇಲೇರಿದ ಮೇಲೆ ಆಟೋಪೈಲಟ್ ಹಾಕಿ ಎದ್ದು ಹೋಗುವುದು. ನಾನು ಹೋದಾಗ ತಂಗಿ, "ಭಾಯಿಜಾನ್, ನಿಮ್ಮ ಭಾಂಜಾ ದುಬೈಗೆ ಹೋಗಿದಾನೆ, ಊಟಕ್ಕಾದರೂ ಇಳೀತಾನಾ ಕೇಳಿ" ಎನ್ನುತ್ತಿದ್ದಳು. 2008ರಲ್ಲಿ ಹಾರಾಟ ಶಾಲೆ ಸೇರಿದ. ನೂರಾರು ಸಲ ಜಂಬೋ ಇಳಿಸಿದವನಿಗೆ ಎರಡು ಸೀಟಿನ ವಿಮಾನ ಯಾವ ಲೆಕ್ಕ ಎಂಬ ಜಂಭ ಬೇರೆ. ಮೂರನೆಯ ದಿನ ಇನ್‌ಸ್ಟ್ರಕ್ಟರ್ ಒಂದು ಹಾಳೆ ತಂದು ಅವನ ಮುಂದಿದ್ದ ಮೀಟರುಗಳ ಮೇಲೆ ಅಂಟಿಸಿಬಿಟ್ಟರಂತೆ. "ಕಿಟಕಿಯ ಹೊರಗೆ ನೋಡಿ ಹಾರಿಸು" ಎಂದರಂತೆ. ಇವನಿಗೆ ವಿಮಾನ ನೇರ ಇದೆಯೋ ವಾಲಿದೆಯೋ ತಿಳಿಯಲಿಲ್ಲ. "ಮಾಮೂ, ಮೂರು ವರ್ಷ ಕಲಿತದ್ದನ್ನು ಮರೆಯೋಕೆ ಮೂರು ವಾರ ಬೇಕಾಯ್ತು" ಎಂದು ಫೋನಿನಲ್ಲಿ ಹೇಳಿದ.

ಏಕೆ ಹೀಗಾಯಿತು ಎಂಬುದನ್ನು ವಿದ್ಯಾರ್ಥಿಗಳು ಅರ್ಥ ಮಾಡಿಕೊಳ್ಳಬೇಕು. ಮಾನಿಟರ್ ಎಂಬುದು ಒಂದು ಸಣ್ಣ ಕಿಟಕಿ. ನಿಜವಾದ ವಿಮಾನದಲ್ಲಿ ಕಣ್ಣಿನ ಎರಡೂ ಬದಿಗೆ ದಿಗಂತ ಕಾಣುತ್ತದೆ. ನೆಲ ಎಷ್ಟು ಹತ್ತಿರ ಬಂತೆಂದು, ಇಳಿಯುವ ಕೊನೆಯ ಕೆಲವು ಅಡಿಗಳಲ್ಲಿ, ಆ ಬದಿಯ ನೋಟವೇ ಹೇಳುತ್ತದೆ. ಮನೆಯಲ್ಲಿ ಅದಿಲ್ಲದ ಕಾರಣ ಹುಡುಗರು ಮೀಟರಿಗೆ ಕಣ್ಣು ನೆಟ್ಟು ಕೂರುತ್ತಾರೆ. ಇನ್ನೊಂದು, ಕೈಗೆ ಸಿಗುವ ಒತ್ತಡ. ನಿಜವಾದ ವಿಮಾನದಲ್ಲಿ ವೇಗ ಬದಲಾದರೆ ಹಿಡಿಕೆ ಕೈಯನ್ನು ಎಳೆಯುತ್ತದೆ ಅಥವಾ ನೂಕುತ್ತದೆ. ಆ ಒತ್ತಡ ಹೋಗುವವರೆಗೆ ಟ್ರಿಮ್ ಚಕ್ರ ತಿರುಗಿಸಬೇಕು. ಮನೆಯ ಜಾಯ್‌ಸ್ಟಿಕ್‌ನಲ್ಲಿ ಇರುವುದು ಬರೀ ಸ್ಪ್ರಿಂಗು. ಬಿಟ್ಟರೆ ನಡುವಿಗೆ ಬಂದು ನಿಲ್ಲುತ್ತದೆ, ವಿಮಾನದ ಮನಸ್ಸಿನಲ್ಲಿ ಏನಿದೆ ಎಂದು ಹೇಳುವುದಿಲ್ಲ. ಕುಣಿಗಲ್ಲಿನ ಕುದುರೆ ಫಾರಂ ನೋಡಿದವರಿಗೆ ಈ ಮಾತು ಬೇಗ ಹಿಡಿಯುತ್ತದೆ. ಲಗಾಮು ಹಿಡಿಯುವುದನ್ನು ಮರದ ಕುದುರೆಯ ಮೇಲೂ ಕಲಿಸಬಹುದು, ಆದರೆ ಕುದುರೆ ಬೆದರುವ ಮುಂಚೆ ಅದರ ಮೈ ಬಿಗಿಯುವುದು ಸವಾರನ ತೊಡೆಗೆ ತಿಳಿಯಬೇಕು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಉಪಕರಣಗಳನ್ನು ಮಾತ್ರ ನೋಡಿ ಹಾರಿಸುವ ಪಾಠ ಬಂತು. ಹೊರಗಿನದು ಕಾಣದಂತೆ ಕಣ್ಣಿನ ಮೇಲೆ ಮರೆ ಕಟ್ಟಿ ಹಾರಿಸುತ್ತಾರೆ. ರೇಡಿಯೋ ದಿಕ್ಸೂಚಿಯ ಮುಳ್ಳು ಬಲಕ್ಕೆ ಹೋದರೆ ಎತ್ತ ತಿರುಗಬೇಕು, ಎಷ್ಟು ತಿರುಗಬೇಕು ಎಂದು ಜೊತೆಯವರು ತಡಕಾಡುತ್ತಿದ್ದಾಗ ನಮ್ಮ ಹುಡುಗ ಬೇಗ ದಾರಿ ಹಿಡಿದ. ಹಾಳೆ ಅಂಟಿಸಿದ ಅದೇ ಇನ್‌ಸ್ಟ್ರಕ್ಟರ್, "ಇದನ್ನು ಎಲ್ಲಿ ಕಲಿತೆ?" ಎಂದು ಕೇಳಿದರಂತೆ.

ಇದು ಒಬ್ಬನ ಅನುಭವ ಮಾತ್ರವಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ವಿದ್ಯಾರ್ಥಿಗಳನ್ನು ಹೀಗೆಯೇ ಪರೀಕ್ಷಿಸಿ ನೋಡಿದರು. ಉಪಕರಣ ನೋಡಿ ಹಾರಿಸುವ ಒಂದು ಕೆಲಸವನ್ನು ಹೊಸದಾಗಿ ಕಲಿಯುವಾಗ ಕಂಪ್ಯೂಟರ್ ಅಭ್ಯಾಸ ಆಕಾಶದ ಸಮಯವನ್ನು ಉಳಿಸುತ್ತದೆ, ಗೊತ್ತಿರುವುದನ್ನೇ ಮತ್ತೆ ಮಾಡುವಾಗ ಆ ಲಾಭ ಕಡಿಮೆ ಎಂದು ಕಂಡಿತು. ಆದ್ದರಿಂದ ಕೈಯ ಹದವನ್ನು ಮನೆಯಲ್ಲಿ ಕಲಿಯಲು ಹೋಗಬೇಡಿ. ತಲೆಯ ಕೆಲಸವನ್ನು ಮನೆಯಲ್ಲಿ ಮುಗಿಸಿಕೊಂಡು ಹೋಗಿ. ಹಾರಾಟ ಶಾಲೆಯಲ್ಲಿ ಒಂದು ಗಂಟೆಗೆ ಹತ್ತು ಸಾವಿರ ರೂಪಾಯಿಗೂ ಮೀರಿ ಆಗುತ್ತದೆ. ಆಟೋದ ಮೀಟರಿನ ಹಾಗೆ ಅದು ಓಡುತ್ತಲೇ ಇರುತ್ತದೆ. ಮುಂದೇನು ಮಾಡಬೇಕೆಂದು ಯೋಚಿಸುತ್ತ ಆರು ನಿಮಿಷ ಕಳೆದರೆ ಸಾವಿರ ರೂಪಾಯಿ ಹೋಯಿತು.

ತಲೆಯ ಕೆಲಸ ಎಂದರೆ ಯಾವುದು? ಮೊದಲು ಜಂಬೋ, ಏರ್‌ಬಸ್ ಎಲ್ಲ ಬಿಟ್ಟು ಸೆಸ್ನಾ 172 ಎಂಬ ಸಣ್ಣ ವಿಮಾನ ಹಿಡಿಯಿರಿ. ಚೆಕ್‌ಲಿಸ್ಟನ್ನು ಬಾಯಿಬಿಟ್ಟು ಓದುತ್ತ, ಓದಿದ್ದನ್ನು ಬೆರಳಿಟ್ಟು ಮುಟ್ಟುತ್ತ ಹೊರಡಿ. ಹದಿನೈದು ನಿಮಿಷ ನೇರವಾಗಿ, ಒಂದೇ ಎತ್ತರದಲ್ಲಿ, ನೂರು ಅಡಿ ಹೆಚ್ಚುಕಡಿಮೆಯೊಳಗೆ ಹಾರಿಸಿ. ಇದು ಬೇಸರದ ಕೆಲಸ. ಮಗನ ಪರೀಕ್ಷೆ ಮಾಡಬೇಕೆಂದಿರುವ ತಂದೆ ತಾಯಂದಿರು ಇದನ್ನೇ ಮಾಡಿಸಿ ನೋಡಿ. ಹದಿನೈದು ನಿಮಿಷದ ಬೇಸರ ತಡೆಯಲಾಗದವನಿಗೆ ರಾತ್ರಿಯೆಲ್ಲ ಎಚ್ಚರವಿದ್ದು ಮಾಡುವ ಕೆಲಸ ಒಗ್ಗುವುದು ಕಷ್ಟ. ಪಾಸ್ ಗುಂಡಿ ಒತ್ತಿ ವಿಮಾನವನ್ನು ಆಕಾಶದಲ್ಲಿ ನಿಲ್ಲಿಸಬೇಡಿ. ಆಕಾಶದಲ್ಲಿ ಆ ಗುಂಡಿ ಇಲ್ಲ.

ಇಲ್ಲೊಂದು ನಮ್ಮ ಜಿಲ್ಲೆಯ ಲೆಕ್ಕ ಹೇಳುತ್ತೇನೆ, ಪ್ರಥಮ ಪಿಯುಸಿಯ ವೆಕ್ಟರ್ ಪಾಠ ಓದಿದವರು ಕಾಗದ ತೆಗೆದುಕೊಳ್ಳಿ. ನಕ್ಷೆಯ ಮೇಲೆ ತುಮಕೂರು, ಗುಬ್ಬಿ, ಕುಣಿಗಲ್ ಮೂರಕ್ಕೂ ಗೆರೆ ಎಳೆಯಿರಿ. ತುಮಕೂರಿನಿಂದ ಗುಬ್ಬಿ ಪಶ್ಚಿಮಕ್ಕೆ, ಸುಮಾರು 9 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಗುಬ್ಬಿಯಿಂದ ಕುಣಿಗಲ್ ಸುಮಾರು 18, ಕುಣಿಗಲ್‌ನಿಂದ ಮತ್ತೆ ತುಮಕೂರು ಸುಮಾರು 20. ಗಂಟೆಗೆ 90 ನಾಟಿಕಲ್ ಮೈಲಿ ವೇಗದಲ್ಲಿ, ಅಂದರೆ ನಿಮಿಷಕ್ಕೆ ಒಂದೂವರೆಯಂತೆ, ಪೂರ್ತಿ ಸುತ್ತು ಅರ್ಧ ಗಂಟೆಯ ಮೇಲೆ ಒಂದೆರಡು ನಿಮಿಷ. ಈಗ ಮುಂಗಾರಿನ ಗಾಳಿ ಸೇರಿಸಿ. ಪಶ್ಚಿಮದಿಂದ 20 ನಾಟ್ ಗಾಳಿ ಬೀಸುತ್ತಿದೆ ಎನ್ನಿ. ಕುಣಿಗಲ್‌ನಿಂದ ತುಮಕೂರಿಗೆ ಮೂಗನ್ನು ನೇರ ಇಟ್ಟು ಹದಿಮೂರು ನಿಮಿಷ ಹಾರಿದರೆ ನೀವು ತುಮಕೂರಿಗೆ ಬರುವುದಿಲ್ಲ, ಸುಮಾರು ಎಂಟು ಕಿಲೋಮೀಟರ್ ಪೂರ್ವಕ್ಕೆ, ದೇವರಾಯನದುರ್ಗದ ಕಡೆಗೆ ತೇಲಿ ಹೋಗಿರುತ್ತೀರಿ. ಆ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಮೋಡ ಕವಿದ ದಿನ, ಆಲ್ಟಿಮೀಟರ್ 3,500 ತೋರಿಸುತ್ತಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹರಿಯುವ ಹೊಳೆಯಲ್ಲಿ ಅಂಬಿಗ ದೋಣಿಯ ಮೂಗನ್ನು ಮೇಲಕ್ಕೆ ತಿರುಗಿಸಿ ಹುಟ್ಟು ಹಾಕುವ ಹಾಗೆ, ಇಲ್ಲಿ ಮೂಗನ್ನು ಸುಮಾರು ಹದಿಮೂರು ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ ಹಾರಬೇಕು. ಇದನ್ನು ಮೊದಲು ಕಾಗದದ ಮೇಲೆ ಮಾಡಿ, ಅನಂತರ ಸಿಮ್ಯುಲೇಟರಿನಲ್ಲಿ ಅಷ್ಟೇ ಗಾಳಿ ಹಾಕಿ ಹಾರಿ ನೋಡಿ. ಕೆಳಗೆ ಗುಬ್ಬಿಯ ಕೆರೆ, ರೈಲು ಹಳಿ, ಕುಣಿಗಲ್‌ನ ದೊಡ್ಡಕೆರೆ ಹೇಳಿದ ನಿಮಿಷಕ್ಕೆ ಬಂದರೆ ನಿಮ್ಮ ಲೆಕ್ಕ ಸರಿ. ಮೂವತ್ತು ವರ್ಷ ಕರಿಹಲಗೆಯ ಮೇಲೆ ದೋಣಿಯ ಲೆಕ್ಕ ಹಾಕಿದ ನನಗೆ, ಕಲಿಸುವ ಸಾಧನ ಇಷ್ಟು ಚೆನ್ನಾಗಿ ಒಂದೂ ಸಿಕ್ಕಿರಲಿಲ್ಲ.

ಎತ್ತರದ ವಿಷಯವೂ ಹೀಗೆಯೇ. ಬೆಂಗಳೂರಿನ ರನ್‌ವೇಗಳು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿವೆ. ನೆಲದ ಮೇಲೆ ನಿಂತಾಗಲೇ ಆಲ್ಟಿಮೀಟರ್ 3,000 ತೋರಿಸುತ್ತದೆ. ಎತ್ತರದಲ್ಲಿ, ಅದರಲ್ಲೂ ಬೇಸಿಗೆಯ ಮಧ್ಯಾಹ್ನ, ಗಾಳಿ ತೆಳು. ಎಂಜಿನ್ ಸೊರಗುತ್ತದೆ, ವಿಮಾನ ಏಳಲು ಹೆಚ್ಚು ದೂರ ಓಡಬೇಕಾಗುತ್ತದೆ. ಕಡಲತೀರದ ನಿಲ್ದಾಣದಿಂದ ಒಮ್ಮೆ, ಬೆಂಗಳೂರಿನಿಂದ ಒಮ್ಮೆ ಹಾರಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಇಂಗ್ಲಿಷಿನ ಭಯದ ಬಗ್ಗೆಯೂ ಒಂದು ಮಾತು. ಕನ್ನಡ, ಉರ್ದು ಮಾಧ್ಯಮದಲ್ಲಿ ಓದಿದವರು ರೇಡಿಯೋದಲ್ಲಿ ಮಾತನಾಡುವುದು ಹೇಗೆಂದು ಹೆದರುತ್ತಾರೆ. ಆ ಮಾತು ಅಳೆದು ತೂಗಿದ ಕೆಲವೇ ಶಬ್ದಗಳದ್ದು. ಕಂಟ್ರೋಲರ್ ಹೇಳಿದ್ದನ್ನು ತಪ್ಪಿಲ್ಲದೆ ತಿರುಗಿ ಒಪ್ಪಿಸುವುದೇ ಮುಖ್ಯ. ದಿನಕ್ಕೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನಮ್ಮ ಮಕ್ಕಳು 'ತ್ರೀ' ಎನ್ನಲು ಬಾರದೆ 'ಟ್ರೀ' ಎಂದರೆ ನಗುವವರಿದ್ದಾರೆ. ಅವರಿಗೆ ತಿಳಿಸಿ, ವಿಮಾನದ ರೇಡಿಯೋದಲ್ಲಿ ನಿಗದಿಯಾದ ಉಚ್ಚಾರವೇ 'ಟ್ರೀ'! ಐದಕ್ಕೆ 'ಫೈಫ್', ಒಂಬತ್ತಕ್ಕೆ 'ನೈನರ್'.

ಈಗ ತೋಟದ ಪ್ರಶ್ನೆಗೆ ಬರುತ್ತೇನೆ. ವಾಣಿಜ್ಯ ಪೈಲಟ್ ಪರವಾನಗಿಗೆ ಡಿಜಿಸಿಎ ಕೇಳುವುದು 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ನಿಮ್ಮದೇ ಇರಬೇಕು. ರಾತ್ರಿ ಹಾರಾಟ, ದೂರದ ಹಾರಾಟ ಬೇರೆ. ಮನೆಯಲ್ಲಿ ಎರಡು ಸಾವಿರ ಗಂಟೆ ಹಾರಿಸಿದ್ದರೂ ಲಾಗ್‌ಬುಕ್ಕಿನಲ್ಲಿ ಅದರ ಲೆಕ್ಕ ಸೊನ್ನೆ. ಅನುಮೋದನೆ ಪಡೆದ ಸಿಮ್ಯುಲೇಟರಿನದು ಮಾತ್ರ, ಅದೂ ಒಂದು ಮಿತಿಯವರೆಗೆ, ಸೇರುತ್ತದೆ. ಇದರ ಜೊತೆಗೆ ನ್ಯಾವಿಗೇಶನ್, ಹವಾಮಾನ, ವಾಯುನಿಯಮಗಳು, ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆ. ಪಾಸಾಗಲು ಶೇಕಡ 70 ಅಂಕ ಬೇಕು. ಒಟ್ಟು ಖರ್ಚು ಐವತ್ತು ಲಕ್ಷದ ಸುತ್ತಮುತ್ತ. ಅದು ಮುಗಿದ ಮೇಲೂ ಏರ್‌ಬಸ್ಸೋ ಬೋಯಿಂಗೋ ಹಾರಿಸಲು ಟೈಪ್ ರೇಟಿಂಗ್ ಎಂಬ ಇನ್ನೊಂದು ತರಬೇತಿಗೆ ಹತ್ತಾರು ಲಕ್ಷ.

ಇಷ್ಟು ಹಣ ಹಾಕುವ ಮೊದಲು ದಯವಿಟ್ಟು ವೈದ್ಯಕೀಯ ಪರೀಕ್ಷೆ ಮಾಡಿಸಿ. ಕುಣಿಗಲ್ ಕಡೆಯ ನನ್ನ ವಿದ್ಯಾರ್ಥಿಯೊಬ್ಬ, ಬಹಳ ಬುದ್ಧಿವಂತ, ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿದವನು. ಅವನ ತಂದೆ ಯಾರೋ ಮಧ್ಯವರ್ತಿಯ ಮಾತು ನಂಬಿ ಮೂರು ಲಕ್ಷ ಮುಂಗಡ ಕೊಟ್ಟರು. ಅನಂತರ ಪರೀಕ್ಷೆಯಲ್ಲಿ ಹುಡುಗನಿಗೆ ಕೆಂಪು ಹಸಿರು ಬಣ್ಣ ಸರಿಯಾಗಿ ತಿಳಿಯುವುದಿಲ್ಲವೆಂದು ಗೊತ್ತಾಯಿತು. ಹದಿನೆಂಟು ವರ್ಷ ಅದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಣ ವಾಪಸು ಬರಲಿಲ್ಲ. ಆ ತಂದೆ ನನ್ನ ಮುಂದೆ ಕುಳಿತು ಅತ್ತದ್ದನ್ನು ಮರೆಯಲಾರೆ. ಮೊದಲು ಎರಡನೇ ದರ್ಜೆಯ, ಆಮೇಲೆ ಒಂದನೇ ದರ್ಜೆಯ ಪರೀಕ್ಷೆ. ಒಂದನೇ ದರ್ಜೆಯದಕ್ಕೆ ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಕನ್ನಡಕ ಇದ್ದವರು ಅದೊಂದರಿಂದಲೇ ನಿರಾಶರಾಗಬೇಡಿ, ಕನ್ನಡಕದಿಂದ ದೃಷ್ಟಿ ಪೂರ್ತಿ ಸರಿಯಾದರೆ ಅಡ್ಡಿಯಿಲ್ಲ.

ಶುಲ್ಕವಿಲ್ಲದ ದಾರಿಯೂ ಇದೆ. ವಾಯುಪಡೆ ತನ್ನ ಪೈಲಟ್‌ಗಳಿಗೆ ತಾನೇ ಕಲಿಸುತ್ತದೆ. ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲಿದೆ. 2022ರಿಂದ ಎನ್‌ಡಿಎಗೆ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಆದರೆ ಅಲ್ಲಿನ ಪೈಲಟ್ ಆಯ್ಕೆಯ ಗಣಕ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಮೀಟರುಗಳನ್ನು ಓದುವುದು, ಕೈಕಾಲು ಕಣ್ಣು ಮೂರನ್ನೂ ಒಟ್ಟಿಗೆ ಆಡಿಸುವುದು ಅದರಲ್ಲಿ ಬರುತ್ತದೆ. ಒಂದೇ ಅವಕಾಶವಿರುವ ಪರೀಕ್ಷೆಗೆ ಜಾಯ್‌ಸ್ಟಿಕ್ಕನ್ನೇ ಮುಟ್ಟದೆ ಹೋಗುವುದು ಸರಿಯಲ್ಲ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ಹೈದರಾಬಾದಿನ ಸೈಯದಾ ಸಲ್ವಾ ಫಾತಿಮಾ ಬೇಕರಿಯಲ್ಲಿ ಕೆಲಸ ಮಾಡುವವರ ಮಗಳು. ದಾನಿಗಳ ನೆರವಿನಿಂದ ಹಾರಾಟ ಕಲಿತು ಪರವಾನಗಿ ಪಡೆದರು. ಪರವಾನಗಿ ಕೈಯಲ್ಲಿದ್ದೂ ಮುಂದಿನ ತರಬೇತಿಗೆ ಹಣವಿಲ್ಲದೆ ಕಾಯಬೇಕಾಯಿತು, ತೆಲಂಗಾಣ ಸರ್ಕಾರ ನೆರವಾದ ಮೇಲೆ ಮುಂದೆ ಹೋದರು. ಅವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಅವರು ಕಾದ ವರ್ಷಗಳನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಹುಡುಗನೂ ಕಾದ. 2010ರಲ್ಲಿ ಪರವಾನಗಿ ಬಂತು, ಕೆಲಸ ಬರಲಿಲ್ಲ. ಆ ಕಾಲದಲ್ಲಿ ಪರವಾನಗಿ ಹಿಡಿದು ಕೂತವರು ದೇಶದಲ್ಲಿ ಬಹಳ ಮಂದಿ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತ ಮೇಲೆ ಅನುಭವವಿದ್ದ ಪೈಲಟ್‌ಗಳೂ ಅದೇ ಸಾಲಿಗೆ ಬಂದರು. ತುಮಕೂರಿನಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಕೂತು ನಾಲ್ಕು ವರ್ಷ ಕಳೆದ. ಮದುವೆ ಮನೆಗಳಲ್ಲಿ "ಏನಪ್ಪಾ ಪೈಲಟ್ ಸಾಹೇಬ್ರು, ಸಿಮ್ ಕೊಡ್ತೀರಾ?" ಎಂದು ಕೇಳಿದವರಿದ್ದಾರೆ, ಕೆಲವರು ಈ ಸಭೆಯಲ್ಲೂ ಇದ್ದಾರೆ. ಆ ನಾಲ್ಕು ವರ್ಷವೂ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ಹಳೆಯ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಈಗ ದುಬೈ ಇಲ್ಲ, ಜಂಬೋ ಇಲ್ಲ. ಎಂಜಿನ್ ಕೆಟ್ಟರೆ ಏನು, ಮಂಜು ಕವಿದರೆ ಏನು, ಅದೇ ಅಭ್ಯಾಸ, ನೋಟ್‌ಬುಕ್ಕಿನಲ್ಲಿ ತಪ್ಪುಗಳ ಪಟ್ಟಿ. 2014ರಲ್ಲಿ ಕರೆ ಬಂದಾಗ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಆ ನೋಟ್‌ಬುಕ್ಕೇ ಅವನನ್ನು ಕಾಪಾಡಿತು.

ಹಾಗಾದರೆ ತೋಟ ಮಾರಬೇಕೇ? ಮಗ ಅಥವಾ ಮಗಳು ಮೊದಲು ವೈದ್ಯಕೀಯ ಪರೀಕ್ಷೆ ಪಾಸಾಗಲಿ. ಮನೆಯಲ್ಲಿ ಒಂದು ವರ್ಷ ಸಣ್ಣ ವಿಮಾನವನ್ನು, ಲೆಕ್ಕ ಬರೆದು, ಬೇಸರಪಡದೆ ಹಾರಿಸಲಿ. ಲಿಖಿತ ಪರೀಕ್ಷೆಗಳಲ್ಲಿ ಎರಡನ್ನಾದರೂ ಮನೆಯಲ್ಲೇ ಓದಿ ಪಾಸು ಮಾಡಲಿ. ಅಷ್ಟಾದ ಮೇಲೆ ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆಗಾಗಲಿ, ರಾಯಬರೇಲಿ ಬಳಿಯ ಇಂದಿರಾ ಗಾಂಧಿ ಅಕಾಡೆಮಿಗಾಗಲಿ, ಖಾಸಗಿ ಶಾಲೆಗಾಗಲಿ ತಂದೆ ಮಗ ಇಬ್ಬರೂ ಹೋಗಿ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳು ಎಷ್ಟು, ಇನ್‌ಸ್ಟ್ರಕ್ಟರ್‌ಗಳು ಎಷ್ಟು ಎಂದು ಕಣ್ಣಾರೆ ಎಣಿಸಿ ಬರಲಿ. ಆಗ ನನ್ನ ಮನೆಗೆ ಬನ್ನಿ, ತೋಟದ ವಿಷಯ ಮಾತಾಡೋಣ. ಈ ವರ್ಷದೊಳಗೆ ಆಸೆ ತಣ್ಣಗಾದರೆ ಹೋದದ್ದು ಒಂದು ಜಾಯ್‌ಸ್ಟಿಕ್ಕಿನ ಬೆಲೆ, ಕೆಲವು ಸಾವಿರ. ಆ ಗಣಿತ, ಹವಾಮಾನದ ಓದು ವ್ಯರ್ಥವಾಗುವುದಿಲ್ಲ, ಏರ್ ಟ್ರಾಫಿಕ್ ಕಂಟ್ರೋಲ್ ಹುದ್ದೆಗೆ ಭೌತಶಾಸ್ತ್ರ ಗಣಿತ ಓದಿದ ಪದವೀಧರರನ್ನು ತೆಗೆದುಕೊಳ್ಳುತ್ತಾರೆ.

ಒಂಬತ್ತನೆಯ ಶತಮಾನದಲ್ಲಿ ಕಾರ್ಡೋವಾದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದ ಕತೆಯನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದನ್ನು ಬರೆದಿಟ್ಟ ಅಲ್-ಮಕ್ಕರಿ ಮುಂದಿನ ಮಾತನ್ನೂ ಬರೆದಿದ್ದಾರೆ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದನ್ನು ಅವರು ಗಮನಿಸಿರಲಿಲ್ಲವಂತೆ, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತಂತೆ. ನಮ್ಮ ಭಾಷಣಕಾರರು ಈ ಎರಡನೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ನಮ್ಮ ಕಂಪ್ಯೂಟರ್ ಕೊಠಡಿ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಎರಡು ಯಂತ್ರಗಳಲ್ಲಿ ಫ್ಲೈಟ್‌ಗೇರ್ ಹಾಕಿಸಿಕೊಟ್ಟರೆ ಜಾಯ್‌ಸ್ಟಿಕ್ ನಾನು ತರುತ್ತೇನೆ. ಗುಬ್ಬಿ, ಕುಣಿಗಲ್‌ನಿಂದ ಬರುವ ಮಕ್ಕಳಿಗೆ ಸಂಜೆಯ ಬಸ್ಸಿಗೆ ಮೊದಲು ಮುಗಿಸುತ್ತೇನೆ. ಮೊದಲ ಪಾಠ ಆ ಗಾಳಿಯ ಲೆಕ್ಕ. ಕಾಗದದ ಮೇಲೆ ಬಿಡಿಸಿ ತಂದವರಿಗೆ ಮಾತ್ರ ಯಂತ್ರದ ಮುಂದೆ ಜಾಗ.